ರೆಜಿನಾ ಸ್ಪೆಕ್ಟರ್: ಮೇಜಿನ ಮೇಲೆ ಪಿಯಾನೊ ನುಡಿಸಿದ ಹುಡುಗಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರೆಜಿನಾ ಸ್ಪೆಕ್ಟರ್ ಹಾಡನ್ನು ಸ್ನೇಹಿತರಿಗೆ ಕೇಳಿಸಿದಾಗಲೆಲ್ಲ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಯಾರಿವರು, ಯಾವ ದೇಶದವರು, ಯಾಕೆ ಹೀಗೆ ಹಾಡುತ್ತಾರೆ, ಈ ಕಥೆಯೆಲ್ಲ ನಿಜವಾ? ಉತ್ತರಗಳನ್ನು ಒಂದು ಕಡೆ ಬರೆದಿಟ್ಟರೆ ಹೊಸದಾಗಿ ಕೇಳುವವರಿಗೆ ಅನುಕೂಲ ಅನ್ನಿಸಿತು. ಇವರ ಹಾಡು ನನಗೆ ತುಂಬಾ ಇಷ್ಟ. ಹಾಗಾಗಿ ಕೆಲವು ಕಡೆ ಉತ್ತರ ಉದ್ದವಾಗಿದೆ.

ರೆಜಿನಾ ಸ್ಪೆಕ್ಟರ್ ಯಾರು?

ಅಮೆರಿಕದ ಗಾಯಕಿ. ಹಾಡು ಬರೆಯುವುದು, ರಾಗ ಹಾಕುವುದು, ಪಿಯಾನೊ ನುಡಿಸುವುದು, ಹಾಡುವುದು ಎಲ್ಲ ಅವರೇ. ಹುಟ್ಟಿದ್ದು 1980ರ ಫೆಬ್ರವರಿ 18ರಂದು, ಆಗಿನ ಸೋವಿಯತ್ ಒಕ್ಕೂಟದ ಮಾಸ್ಕೋದಲ್ಲಿ. ಒಂಬತ್ತೂವರೆ ವರ್ಷವಾಗಿದ್ದಾಗ ಅಪ್ಪ ಅಮ್ಮನ ಜೊತೆ ದೇಶ ಬಿಟ್ಟು ಬಂದರು. ಬೆಳೆದದ್ದು ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ. 2001ರಿಂದ 2022ರವರೆಗೆ ಎಂಟು ಸ್ಟುಡಿಯೊ ಆಲ್ಬಂಗಳು ಬಂದಿವೆ.

ಅವರ ಕುಟುಂಬ ಸೋವಿಯತ್ ಒಕ್ಕೂಟ ಬಿಟ್ಟಿದ್ದು ಯಾಕೆ?

ಅವರು ಯಹೂದಿಗಳು. ಆ ದೇಶದಲ್ಲಿ ಗುರುತಿನ ಪತ್ರದ ಐದನೆಯ ಸಾಲಿನಲ್ಲಿ ಜನಾಂಗ ಬರೆಯಬೇಕಿತ್ತು. ಅಲ್ಲಿ 'ಯಹೂದಿ' ಎಂದಿದ್ದರೆ ಕಾಲೇಜು ಸೀಟು, ಒಳ್ಳೆಯ ಕೆಲಸ, ಬಡ್ತಿ ಎಲ್ಲಕ್ಕೂ ತೊಡಕು. ದೇಶ ಬಿಟ್ಟು ಹೋಗೋಣ ಅಂದರೆ ಅದಕ್ಕೂ ಎಷ್ಟೋ ವರ್ಷ ಅನುಮತಿ ಸಿಗುತ್ತಿರಲಿಲ್ಲ. ಗೋರ್ಬಚೆವ್ ಕಾಲದ ಪೆರೆಸ್ತ್ರೋಯ್ಕಾ, ಅಂದರೆ ಆಡಳಿತದ ಸುಧಾರಣೆ, ಬಂದ ಮೇಲೆ ಬಾಗಿಲು ತೆರೆಯಿತು. 1989ರಲ್ಲಿ ಸ್ಪೆಕ್ಟರ್ ಕುಟುಂಬ ಹೊರಟಿತು.

ಆದರೆ ಹೊರಡುವ ಮುಂಚೆ ಅಪ್ಪ ಅಮ್ಮ ಹಿಂದೆ ಮುಂದೆ ನೋಡಿದ್ದರು. ಕಾರಣ ಮಗಳ ಪಿಯಾನೊ ಪಾಠ. ಮಾಸ್ಕೋದಲ್ಲಿ ಪಾಠ ಗಟ್ಟಿಯಾಗಿ ನಡೆಯುತ್ತಿತ್ತು. ಹೊಸ ದೇಶದಲ್ಲಿ ಅಂಥ ಗುರು ಸಿಗುತ್ತಾರೋ ಇಲ್ಲವೋ ಎಂಬ ಚಿಂತೆ. ಒಂದು ಮಗುವಿನ ಸಂಗೀತ ಪಾಠಕ್ಕಾಗಿ ಇಡೀ ಸಂಸಾರ ನಿಂತು ಯೋಚಿಸಿದೆ ಅಂದರೆ ಆ ಮನೆಯಲ್ಲಿ ಸಂಗೀತಕ್ಕೆ ಎಂಥ ಜಾಗ ಇತ್ತು ನೋಡಿ.

ಹೊರಟವರು ಮೊದಲು ಆಸ್ಟ್ರಿಯಾ, ಆಮೇಲೆ ಇಟಲಿ ದಾಟಿ, ಕೊನೆಗೆ ನಿರಾಶ್ರಿತರಾಗಿ ಅಮೆರಿಕ ಸೇರಿದರು. ಆ ಕಾಲದಲ್ಲಿ ಸಾವಿರಾರು ಸೋವಿಯತ್ ಯಹೂದಿಗಳು ಬಂದ ದಾರಿಯೇ ಇದು. ನೆರವಾದದ್ದು ಹೀಬ್ರೂ ಇಮಿಗ್ರೆಂಟ್ ಏಯ್ಡ್ ಸೊಸೈಟಿ ಎಂಬ ಹಳೆಯ ಸಂಸ್ಥೆ.

ಮನೆಯಲ್ಲಿ ಸಂಗೀತ ಹೇಗಿತ್ತು?

ಅಮ್ಮ ಬೆಲ್ಲಾ ಸಂಗೀತ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಅಮೆರಿಕಕ್ಕೆ ಬಂದ ಮೇಲೆ ನ್ಯೂಯಾರ್ಕ್ ಪಕ್ಕದ ಮೌಂಟ್ ವರ್ನನ್‌ನಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಸಂಗೀತ ಕಲಿಸಿದರು. ಅಪ್ಪ ಇಲ್ಯಾ ಫೋಟೊಗ್ರಾಫರ್, ಹವ್ಯಾಸಕ್ಕೆ ಪಿಟೀಲು ನುಡಿಸುತ್ತಿದ್ದರು. ಪಶ್ಚಿಮದ ಹಾಡುಗಳ ಕ್ಯಾಸೆಟ್‌ಗಳನ್ನು ಅವರು ಸ್ನೇಹಿತರ ಜೊತೆ ಅದಲು ಬದಲು ಮಾಡಿಕೊಂಡು ಮನೆಗೆ ತರುತ್ತಿದ್ದರು. ಬೀಟಲ್ಸ್, ಕ್ವೀನ್, ಮೂಡಿ ಬ್ಲೂಸ್ ಎಲ್ಲ ಆ ಹುಡುಗಿಯ ಕಿವಿಗೆ ಬಿದ್ದದ್ದು ಹೀಗೆ. ಜೊತೆಗೆ ಅಮ್ಮ ನುಡಿಸುವ ಶಾಸ್ತ್ರೀಯ ಸಂಗೀತ, ರಷ್ಯಾದ 'ಬಾರ್ಡ್' ಹಾಡುಗಾರರು. ಈ ಬಾರ್ಡ್‌ಗಳ ವಿಷಯ ಮುಂದೆ ಮತ್ತೆ ಬರುತ್ತದೆ, ಮರೆಯಬೇಡಿ.

ಮೇಜಿನ ಮೇಲೆ ಪಿಯಾನೊ ಅಭ್ಯಾಸ ಮಾಡಿದ್ದು ನಿಜವಾ?

ನಿಜ. ಮಾಸ್ಕೋದ ಮನೆಯಲ್ಲಿ ಪೆಟ್ರೋಫ್ ಕಂಪನಿಯ ಒಂದು ಪಿಯಾನೊ ಇತ್ತು. ತಾತ ಅಮ್ಮನಿಗೆ ಕೊಟ್ಟದ್ದು. ಹುಡುಗಿ ಕೈ ಕೂರಿಸಿದ್ದು ಅದರ ಮೇಲೇ. ಹಾರ್ಮೋನಿಯಂ ಆದರೆ ಬಗಲಲ್ಲಿ ಹಿಡಿದುಕೊಂಡು ಹೊರಡಬಹುದು. ಪಿಯಾನೊ ಹಾಗಲ್ಲ. ಅದು ಅಲ್ಲೇ ಉಳಿಯಿತು.

ಬ್ರಾಂಕ್ಸ್‌ನ ಹೊಸ ಮನೆಯಲ್ಲಿ ಪಿಯಾನೊ ಇರಲಿಲ್ಲ. ಕೊಳ್ಳಲು ದುಡ್ಡೂ ಇರಲಿಲ್ಲ. ಆಗ ಆ ಹುಡುಗಿ ಮೇಜು, ಕಟ್ಟೆ, ಗಟ್ಟಿಯಾದ ಯಾವ ಜಾಗ ಸಿಕ್ಕರೂ ಅದರ ಮೇಲೆ ಬೆರಳಾಡಿಸಿ ಅಭ್ಯಾಸ ಮಾಡುತ್ತಿದ್ದಳು. ಕೊನೆಗೆ ಅವರು ಹೋಗುತ್ತಿದ್ದ ಸಿನಗಾಗ್‌ನ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದ, ನೆಲಮಾಳಿಗೆಯಲ್ಲಿ ಒಂದು ಪಿಯಾನೊ ಸಿಕ್ಕಿತು. ಅಲ್ಲಿ ಕೂತು ನುಡಿಸಿದಳು.

ಮೇಜಿನ ಮೇಲೆ ನುಡಿಸುವಾಗ ಕಿವಿಗೆ ಕೇಳುವುದು ಟಕ್ ಟಕ್ ಸದ್ದು ಮಾತ್ರ. ಸ್ವರವನ್ನು ಮನಸ್ಸಿನೊಳಗೇ ಹಾಡಿಕೊಳ್ಳಬೇಕು. ಇದನ್ನು ತಿಳಿದ ಮೇಲೆ ಅವರ ಹಾಡುಗಳನ್ನು ಕೇಳಿ. ಕುರ್ಚಿಯ ಸದ್ದು, ತುಟಿಯ ಸದ್ದು, ಉಸಿರಿನ ಸದ್ದು ಎಲ್ಲ ಅಷ್ಟು ಸಲೀಸಾಗಿ ವಾದ್ಯವಾಗಿಬಿಡುತ್ತವೆ. ಅದಕ್ಕೂ ಆ ಮೇಜಿಗೂ ನಂಟಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಗುರು ಯಾರು?

ಸೋನಿಯಾ ವರ್ಗಾಸ್. ಮ್ಯಾನ್‌ಹಟನ್ ಸ್ಕೂಲ್ ಆಫ್ ಮ್ಯೂಸಿಕ್‌ನ ಅಧ್ಯಾಪಕಿ. ಅವರ ಗಂಡ ಪಿಟೀಲು ವಾದಕ. ರೆಜಿನಾ ಅವರ ಅಪ್ಪನಿಗೆ ಅವರ ಪರಿಚಯವಾಗಿ, ಅದರಿಂದ ಗುರು ಸಿಕ್ಕರು. 17ನೇ ವಯಸ್ಸಿನವರೆಗೂ ಅವರ ಹತ್ತಿರ ಪಾಠ ನಡೆಯಿತು. ಅಪ್ಪ ಅಮ್ಮನ ದೊಡ್ಡ ಚಿಂತೆ ಕಳೆಯಿತು.

ಶಾಸ್ತ್ರೀಯ ಪಿಯಾನೊ ಕಲಿತವರು ಹಾಡು ಬರೆಯಲು ಶುರು ಮಾಡಿದ್ದು ಹೇಗೆ?

ಬೇರೆ ಮಕ್ಕಳಿಂದ. ಹದಿಹರೆಯದಲ್ಲಿ ಒಂದು ಗುಂಪಿನ ಜೊತೆ ಇಸ್ರೇಲ್ ಪ್ರವಾಸಕ್ಕೆ ಹೋಗಿದ್ದರು. ಬೆಟ್ಟ ಹತ್ತುವಾಗ ಸುಮ್ನೆ ಬಾಯಿಗೆ ಬಂದದ್ದನ್ನು ಕಟ್ಟಿ ಹಾಡುತ್ತಿದ್ದರು. ಜೊತೆಗಿದ್ದವರು ಅದನ್ನು ಮೆಚ್ಚಿ ಮತ್ತೆ ಮತ್ತೆ ಹಾಡಿಸಿದರು. ಹಾಡು ಕಟ್ಟುವುದು ತನ್ನಿಂದ ಆಗುತ್ತದೆ ಎಂದು ಅವರಿಗೆ ಹೊಳೆದದ್ದು ಆಗ. ಅದೇ ಕಾಲದಲ್ಲಿ ತಮ್ಮ ಹಾಡು ತಾವೇ ಬರೆದು ಹಾಡುವ ಜೋನಿ ಮಿಚೆಲ್, ಆನಿ ಡಿಫ್ರಾಂಕೊ ಅವರ ಹಾಡುಗಳ ಪರಿಚಯವಾಯಿತು. 16ರ ಹೊತ್ತಿಗೆ ವಾದ್ಯವೇ ಇಲ್ಲದೆ, ಬರೀ ದನಿಗೆಂದು ಹಾಡು ಬರೆದರು. ಪಿಯಾನೊ ಸೇರಿಸಿ ಬರೆಯಲು ಇನ್ನೂ ಎರಡು ವರ್ಷ ಬೇಕಾಯಿತು. ಬಾಲ್ಯದಿಂದ ಪಿಯಾನೊ ಕಲಿತವರಿಗೆ ದನಿಯೇ ಮೊದಲು ಬಂತು ಎನ್ನುವುದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ.

ಆಮೇಲೆ ನ್ಯೂಯಾರ್ಕ್ ರಾಜ್ಯದ ಪರ್ಚೇಸ್ ಕಾಲೇಜಿನಲ್ಲಿ ಸಂಗೀತ ರಚನೆ ಓದಿದರು. ನಾಲ್ಕು ವರ್ಷದ ಕೋರ್ಸನ್ನು ಮೂರೇ ವರ್ಷಕ್ಕೆ ಮುಗಿಸಿ 2001ರಲ್ಲಿ ಹೊರಬಂದರು.

'ಆಂಟಿ-ಫೋಕ್' ಗಾಯಕಿ ಅಂತ ಕರೆಯುತ್ತಾರಲ್ಲ, ಹಾಗಂದರೆ?

ಅದೊಂದು ಜಾಗದ ಹೆಸರು, ಒಂದು ಗುಂಪಿನ ಹೆಸರು ಅಂದುಕೊಳ್ಳಿ. ನ್ಯೂಯಾರ್ಕ್‌ನ ಈಸ್ಟ್ ವಿಲೇಜ್‌ನಲ್ಲಿ ಸೈಡ್‌ವಾಕ್ ಕೆಫೆ ಅಂತ ಒಂದು ಜಾಗ ಇತ್ತು. ಅಲ್ಲಿ ಸೋಮವಾರ ರಾತ್ರಿ ಯಾರು ಬೇಕಾದರೂ ಹೆಸರು ಕೊಟ್ಟು ಹಾಡಬಹುದಿತ್ತು. ನಯ ನಾಜೂಕು ಬೇಡ, ಅಪಸ್ವರವಾದರೂ ಪರವಾಗಿಲ್ಲ, ಮಾತು ನೇರವಾಗಿರಲಿ ಎನ್ನುವವರ ಗುಂಪು. ಹೆಚ್ಚಿನವರು ಗಿಟಾರ್ ಹಿಡಿದವರು. ಅವರ ನಡುವೆ ಷೋಪಾನ್‌ನಂಥ ಶಾಸ್ತ್ರೀಯ ಸಂಗೀತಗಾರರ ರಚನೆ ನುಡಿಸಿ ಬಂದ ಬೆರಳುಗಳ ಹುಡುಗಿ.

ಮೊದಲ ಆಲ್ಬಂ 'ಇಲೆವೆನ್ ಇಲೆವೆನ್' 2001ರಲ್ಲಿ, ಎರಡನೆಯದು 'ಸಾಂಗ್ಸ್' 2002ರಲ್ಲಿ ಬಂದವು. ಯಾವ ಕಂಪನಿಯೂ ಇಲ್ಲ. ಕಾರ್ಯಕ್ರಮ ಮುಗಿದ ಮೇಲೆ ತಾವೇ ಸಿಡಿ ಮಾರುತ್ತಿದ್ದರು. 'ಸಾಂಗ್ಸ್' ಪೂರ್ತಿ 2001ರ ಕ್ರಿಸ್‌ಮಸ್ ದಿನ ರೆಕಾರ್ಡ್ ಆದದ್ದು. ಅದರಲ್ಲಿ ಪಿಯಾನೊ ಮತ್ತು ದನಿ ಬಿಟ್ಟರೆ ಹೆಚ್ಚೇನೂ ಇಲ್ಲ. ನನಗೆ ಇಂದಿಗೂ ಅವರ ದೊಡ್ಡ ಆಲ್ಬಂಗಳಿಗಿಂತ ಇದೇ ಹತ್ತಿರ.

ಪ್ರಸಿದ್ಧಿ ಸಿಕ್ಕಿದ್ದು ಯಾವಾಗ?

ದ ಸ್ಟ್ರೋಕ್ಸ್ ಎಂಬ ರಾಕ್ ತಂಡ 2003ರಲ್ಲಿ ತಮ್ಮ ಪ್ರವಾಸಕ್ಕೆ ಇವರನ್ನು ಕರೆದುಕೊಂಡು ಹೋಯಿತು. ಗಿಟಾರ್ ಅಬ್ಬರ ಕೇಳಲು ಬಂದ ಜನರೆದುರು ಒಬ್ಬರೇ ಪಿಯಾನೊ ಮುಂದೆ ಕೂತು ಹಾಡುವುದು. ಸುಲಭವಲ್ಲ, ಅಲ್ವಾ? ಆ ತಂಡದ ನಿರ್ಮಾಪಕ ಗಾರ್ಡನ್ ರಫೇಲ್ ಜೊತೆ ಸೇರಿ ಮಾಡಿದ 'ಸೋವಿಯತ್ ಕಿಚ್' ಆಲ್ಬಂ 2004ರಲ್ಲಿ ಸೈರ್ ಕಂಪನಿಯಿಂದ ಹೊರಬಂತು. 2006ರ 'ಬಿಗಿನ್ ಟು ಹೋಪ್' ಅವರನ್ನು ಮನೆಮನೆಗೆ ತಲುಪಿಸಿತು. ಅದರ 'ಫಿಡೆಲಿಟಿ' ಹಾಡನ್ನು ನೀವು ಎಲ್ಲೋ ಕೇಳಿರಬಹುದು. 2009ರ 'ಫಾರ್', 2012ರ 'ವಾಟ್ ವಿ ಸಾ ಫ್ರಮ್ ದ ಚೀಪ್ ಸೀಟ್ಸ್' ಎರಡೂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ವಾರವೇ 3ನೇ ಸ್ಥಾನದಲ್ಲಿ ಕೂತವು.

ಅವರ ದನಿಯಲ್ಲಿ ಅಂಥದ್ದೇನಿದೆ?

'ಫಿಡೆಲಿಟಿ' ಹಾಡಿನ ಪಲ್ಲವಿ ಕೇಳಿ. 'ಹಾರ್ಟ್' ಎಂಬ ಒಂದೇ ಪದವನ್ನು ಹಾ-ಆ-ಆ-ಆ ಎಂದು ತುಂಡು ತುಂಡಾಗಿ ಮುರಿಯುತ್ತಾರೆ. ನಮ್ಮ ಸಂಗೀತ ಕೇಳಿದ ಕಿವಿಗೆ ಮೊದಲು ಇದು ಗಮಕದ ಹಾಗೆ ಕೇಳಿಸಬಹುದು. ಆದರೆ ಗಮಕದಲ್ಲಿ ಸ್ವರ ಜಾರುತ್ತದೆ, ತೂಗುತ್ತದೆ. ಇಲ್ಲಿ ಗಂಟಲು ಒಂದು ಕ್ಷಣ ಮುಚ್ಚಿ ತೆರೆದುಕೊಳ್ಳುತ್ತದೆ. ಬಿಕ್ಕಳಿಕೆಯ ಹಾಗೆ. ಎದೆ ಒಡೆಯುವ ಮಾತನ್ನು ಹಾಡುವಾಗ ಪದವೇ ಒಡೆದುಹೋಗುತ್ತದೆ.

ಇನ್ನೂ ಏನೇನೋ ಮಾಡುತ್ತಾರೆ. 'ಆಲ್ ದ ರೋ-ಬೋಟ್ಸ್' (ಹುಟ್ಟು ಹಾಕುವ ದೋಣಿಗಳು, ರೋಬಾಟ್ ಅಲ್ಲ) ಹಾಡಿನಲ್ಲಿ ಬಾಯಿಯಿಂದಲೇ ಡ್ರಮ್ ಬಾರಿಸುತ್ತಾರೆ. 'ಫೋಲ್ಡಿಂಗ್ ಚೇರ್' ನಡುವೆ ಡಾಲ್ಫಿನ್ ಕೂಗು ಹಾಕುತ್ತಾರೆ. 'ಓಪನ್' ಎಂಬ ಹಾಡಿನಲ್ಲಿ ಉಸಿರು ಎಳೆದುಕೊಳ್ಳುವ ಸದ್ದು ಎಷ್ಟು ಜೋರೆಂದರೆ, ನೀರಿನಲ್ಲಿ ಮುಳುಗುತ್ತಿರುವವರು ಮೇಲೆ ಬಂದು ಗಾಳಿ ಎಳೆದ ಹಾಗೆ. ಬೇರೆಯವರ ರೆಕಾರ್ಡಿಂಗ್‌ನಲ್ಲಿ ಉಸಿರಿನ ಸದ್ದನ್ನು ಅಳಿಸಿಹಾಕುತ್ತಾರೆ. ಇವರು ಅದನ್ನೇ ಹಾಡಿನ ಮಧ್ಯಕ್ಕೆ ತಂದು ಇಡುತ್ತಾರೆ. ಒಂದು ಸಾಲನ್ನು ಪುಟ್ಟ ಮಗುವಿನಂತೆ, ಮುಂದಿನದನ್ನು ಬ್ರಾಂಕ್ಸ್ ಬೀದಿಯ ಒರಟು ಉಚ್ಚಾರದಲ್ಲಿ, ಇನ್ನೊಂದನ್ನು ಆಪೆರಾ ಗಾಯಕಿಯಂತೆ ಹಾಡಬಲ್ಲರು.

ಕೆಲವರಿಗೆ ಇದು ಅತಿ ಅನ್ನಿಸುತ್ತದೆ. ಮುದ್ದು ಜಾಸ್ತಿ, ನಾಟಕ ಜಾಸ್ತಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವರು ಇಂಗ್ಲಿಷ್ ಕಲಿತದ್ದು ಒಂಬತ್ತು ದಾಟಿದ ಮೇಲೆ. ದೊಡ್ಡವರಾಗುತ್ತಾ ಕಲಿತ ಭಾಷೆಯಲ್ಲಿ ಪದ ಮೊದಲು ಸದ್ದಾಗಿ ಬರುತ್ತದೆ, ಅರ್ಥ ಆಮೇಲೆ. ಬೇರೆ ಭಾಷೆಯ ಊರಿಗೆ ಹೋಗಿ ಬದುಕಿದವರಿಗೆ ಇದು ಗೊತ್ತಿರುತ್ತದೆ. ಆ ಮೊದಲ ಬೆರಗು ಅವರ ಹಾಡಿನಲ್ಲಿ ಇನ್ನೂ ಹಾಗೇ ಇದೆ.

ಪಿಯಾನೊ ನುಡಿಸುವುದರಲ್ಲಿ ಏನು ವಿಶೇಷ?

ಕೈ ಶಾಸ್ತ್ರೀಯದ್ದು, ಮನಸ್ಸು ಬೀದಿಯದ್ದು. 'ಟ್ವೆಂಟಿ ಇಯರ್ಸ್ ಆಫ್ ಸ್ನೋ' ಹಾಡಿನಲ್ಲಿ ಸ್ವರಗಳು ಹಿಮದಂತೆ ಒಂದೇ ಸಮನೆ ಸುರಿಯುತ್ತವೆ. ಅಷ್ಟು ಸಮವಾಗಿ ನುಡಿಸಲು ವರ್ಷಗಟ್ಟಲೆ ಸಾಧಕ ಬೇಕು. ಅದೇ ಕೈ 'ಆಪ್ರೆ ಮುವಾ' ಹಾಡಿನಲ್ಲಿ ಸುತ್ತಿಗೆಯ ಹಾಗೆ ಬೀಳುತ್ತದೆ.

ಇನ್ನು 'ಪೂರ್ ಲಿಟಲ್ ರಿಚ್ ಬಾಯ್'. ಇದನ್ನು ನೋಡಲೇಬೇಕು. ಪಕ್ಕದಲ್ಲಿ ಒಂದು ಮರದ ಕುರ್ಚಿ ಇಟ್ಟುಕೊಳ್ಳುತ್ತಾರೆ. ಒಂದು ಕೈಯಲ್ಲಿ ಡ್ರಮ್ ಕಡ್ಡಿ ಹಿಡಿದು ಕುರ್ಚಿಗೆ ಬಡಿಯುತ್ತಾರೆ, ಇನ್ನೊಂದು ಕೈ ಪಿಯಾನೊ ಮೇಲೆ. ಬಾಯಿ ಮೂರನೆಯ ಕೆಲಸ ಮಾಡುತ್ತಿರುತ್ತದೆ. ಮಾತು ಒಂದು ಲಯ, ಕುರ್ಚಿ ಇನ್ನೊಂದು ಲಯ. ಒಬ್ಬರೇ ಒಂದು ತಂಡ.

ಹಾಡಿನ ಕಥೆಗಳೆಲ್ಲ ಅವರದೇ ಬದುಕಾ?

ಇಲ್ಲ. ಅತಿ ಹೆಚ್ಚು ಜನ ತಪ್ಪು ತಿಳಿಯುವುದು ಇದನ್ನೇ. ಹಾಡಿನಲ್ಲಿ 'ನಾನು' ಎಂದು ಬಂದ ತಕ್ಷಣ ಹಾಡುವವರ ಡೈರಿ ಎಂದುಕೊಳ್ಳುತ್ತೇವೆ. ಸ್ಪೆಕ್ಟರ್ ಬರೆಯುವುದು ಹೆಚ್ಚಾಗಿ ಪಾತ್ರಗಳನ್ನು. ಸಣ್ಣಕಥೆ ಬರೆಯುವವರ ಹಾಗೆ.

'ಕೀಮೊ ಲಿಮೊ' ಹಾಡಿನಲ್ಲಿ ಮಾತಾಡುವುದು ಮಕ್ಕಳಿರುವ ಒಬ್ಬ ತಾಯಿ. ತನಗೆ ಕ್ಯಾನ್ಸರ್ ಬಂದಂತೆ ಅವಳಿಗೆ ಕನಸು. ಚಿಕಿತ್ಸೆಗೆ ದುಡ್ಡು ಸುರಿಯುವ ಬದಲು ಮಕ್ಕಳನ್ನೆಲ್ಲ ಉದ್ದನೆಯ ಲಿಮೊಸಿನ್ ಕಾರಿನಲ್ಲಿ ಕೂರಿಸಿಕೊಂಡು ಹೊರಡುತ್ತಾಳೆ. ಆ ಹಾಡು ಬಂದಾಗ ಸ್ಪೆಕ್ಟರ್‌ಗೆ ಇಪ್ಪತ್ತನಾಲ್ಕು. ಮಕ್ಕಳೂ ಇರಲಿಲ್ಲ, ಆ ರೋಗವೂ ಇರಲಿಲ್ಲ. 'ಸ್ಯಾಮ್ಸನ್' ಹಾಡಿನಲ್ಲಿ ಬೈಬಲ್‌ನ ಬಲಶಾಲಿ ಸ್ಯಾಮ್ಸನ್‌ನನ್ನು ಮೊದಲು ಪ್ರೀತಿಸಿದವಳು ಮಾತಾಡುತ್ತಾಳೆ. ಅವಳ ಹೆಸರು ಆ ಗ್ರಂಥದಲ್ಲಿ ಇಲ್ಲವೇ ಇಲ್ಲ. 'ಆಲ್ ದ ರೋ-ಬೋಟ್ಸ್' ಇನ್ನೂ ವಿಚಿತ್ರ. ಮ್ಯೂಸಿಯಂ ಗೋಡೆಯ ಮೇಲಿನ ಚಿತ್ರಗಳು ಅದರಲ್ಲಿ ಕೈದಿಗಳು. ಚಿತ್ರದೊಳಗಿನ ದೋಣಿಗಳು ತಪ್ಪಿಸಿಕೊಂಡು ಹೋಗಲು ಹುಟ್ಟು ಹಾಕುತ್ತಲೇ ಇರುತ್ತವೆ.

ಈಗ ಬಾರ್ಡ್‌ಗಳ ವಿಷಯಕ್ಕೆ ಬರೋಣ. ಸೋವಿಯತ್ ಕಾಲದಲ್ಲಿ ಬುಲಾತ್ ಒಕುಜಾವಾ, ವ್ಲಾದಿಮಿರ್ ವಿಸೋತ್ಸ್ಕಿ ಮುಂತಾದವರು ಗಿಟಾರ್ ಹಿಡಿದು ತಮ್ಮ ಕವಿತೆಗಳನ್ನು ತಾವೇ ಹಾಡುತ್ತಿದ್ದರು. ಸರ್ಕಾರಿ ರೆಕಾರ್ಡ್ ಕಂಪನಿ ಅವರನ್ನು ಬಹಳ ಕಾಲ ದೂರವೇ ಇಟ್ಟಿತ್ತು. ಆದರೂ ಟೇಪಿನಿಂದ ಟೇಪಿಗೆ ಕಾಪಿ ಆಗಿ ಹಾಡುಗಳು ದೇಶವಿಡೀ ಸುತ್ತಿದವು. ವಿಸೋತ್ಸ್ಕಿ ಸೈನಿಕನಾಗಿ, ಕೈದಿಯಾಗಿ, ಬೇಟೆಗಾರರ ನಡುವೆ ಸಿಕ್ಕ ತೋಳವಾಗಿ ಹಾಡುತ್ತಿದ್ದರು. ಯುದ್ಧಕ್ಕೆ ಹೋದವರಲ್ಲ. ಆದರೂ ಅವರ ಹಾಡು ಕೇಳಿದ ಮಾಜಿ ಸೈನಿಕರು ಇವರೂ ನಮ್ಮ ಜೊತೆಗಿದ್ದವರೇ ಎಂದು ನಂಬುತ್ತಿದ್ದರು. ವಿಸೋತ್ಸ್ಕಿ ತೀರಿಕೊಂಡದ್ದು 1980ರ ಜುಲೈನಲ್ಲಿ, ಸ್ಪೆಕ್ಟರ್ ಐದು ತಿಂಗಳ ಕೂಸಾಗಿದ್ದಾಗ. ಬೇರೊಬ್ಬರ ಚರ್ಮದೊಳಗೆ ಹೊಕ್ಕು 'ನಾನು' ಎನ್ನುವ ಧೈರ್ಯ ಸ್ಪೆಕ್ಟರ್‌ಗೆ ಬಂದದ್ದು ಆ ಟೇಪುಗಳಿಂದ ಎಂದು ನಾನು ನಂಬುತ್ತೇನೆ. ಅವರನ್ನು ಬರೀ ಅಮೆರಿಕದ ಗಾಯಕಿಯರ ಸಾಲಿನಲ್ಲಿ ಇಟ್ಟು ನೋಡಿದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ರಷ್ಯನ್ ಭಾಷೆಯಲ್ಲಿ ಹಾಡಿದ್ದಾರಾ?

ಹಾಡಿದ್ದಾರೆ. 'ಆಪ್ರೆ ಮುವಾ' ಹಾಡಿನ ಹೆಸರು ಫ್ರೆಂಚ್, ಹಾಡು ಇಂಗ್ಲಿಷ್. ನಡುವೆ ಇದ್ದಕ್ಕಿದ್ದಂತೆ ರಷ್ಯನ್ ಕವಿ ಬೋರಿಸ್ ಪಾಸ್ಟರ್‌ನಾಕ್ ಅವರ ಫೆಬ್ರವರಿ ಕುರಿತ ಪದ್ಯದ ಸಾಲುಗಳು ರಷ್ಯನ್‌ನಲ್ಲಿ ಬರುತ್ತವೆ. ಅರ್ಥ ಗೊತ್ತಿಲ್ಲದಿದ್ದರೂ ಅಲ್ಲಿ ಮೈ ಜುಮ್ಮೆನ್ನುತ್ತದೆ. ದನಿಯ ಬಣ್ಣವೇ ಬದಲಾಗುತ್ತದೆ. 2012ರ ಆಲ್ಬಂ ಹೊತ್ತಿನಲ್ಲಿ ಒಕುಜಾವಾ ಅವರ ಎರಡು ಹಾಡುಗಳನ್ನು ರಷ್ಯನ್‌ನಲ್ಲೇ ಹಾಡಿದರು. ಅದೇ ವರ್ಷದ ಜುಲೈನಲ್ಲಿ ಮಾಸ್ಕೋಗೆ ಹೋಗಿ ಕಾರ್ಯಕ್ರಮ ಕೊಟ್ಟರು. 1989ರಲ್ಲಿ ಬಿಟ್ಟು ಬಂದ ಮೇಲೆ ಅದೇ ಮೊದಲ ಸಲ.

ವಲಸೆಯ ನೋವನ್ನು ಅವರು ಯಾಕೆ ನೇರವಾಗಿ ಹಾಡುವುದಿಲ್ಲ?

ಕೆಲವು ಹಾಡುಗಳಲ್ಲಿ ಅದರ ನೆರಳಿದೆ. ಆದರೆ ಬಿಟ್ಟು ಬಂದ ಊರಿನ ಬಗ್ಗೆ ಅಳುವ ಹಾಡು ಹುಡುಕಿದರೆ ನಿಮಗೆ ನಿರಾಸೆಯಾಗಬಹುದು. ನನಗಂತೂ ಅದು ಬೇರೆ ಕಡೆ ಕೇಳಿಸುತ್ತದೆ. ಗೋಡೆಗೆ ಸಿಕ್ಕಿಕೊಂಡ ದೋಣಿಗಳಲ್ಲಿ, ಗ್ರಂಥದಲ್ಲಿ ಹೆಸರಿಲ್ಲದ ಹೆಂಗಸಿನಲ್ಲಿ, ಮೂರು ಭಾಷೆ ಒಂದೇ ಹಾಡಿನಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುವುದರಲ್ಲಿ. ಎಲ್ಲಿಯವರೂ ಆಗದೆ ಹೋದವರ ಕಡೆಗೇ ಅವರ ಕಿವಿ ತಿರುಗುತ್ತದೆ.

ಸಿನಿಮಾ, ಟಿವಿಗೆ ಹಾಡಿದ್ದಾರಾ?

ಹೌದು. 2013ರಲ್ಲಿ ಶುರುವಾದ ನೆಟ್‌ಫ್ಲಿಕ್ಸ್‌ನ 'ಆರೆಂಜ್ ಈಸ್ ದ ನ್ಯೂ ಬ್ಲ್ಯಾಕ್' ಧಾರಾವಾಹಿಯ ಶೀರ್ಷಿಕೆ ಗೀತೆ 'ಯೂ ಹ್ಯಾವ್ ಗಾಟ್ ಟೈಮ್' ಅವರದು. ಅದಕ್ಕೆ ಗ್ರಾಮಿ ನಾಮನಿರ್ದೇಶನ ಸಿಕ್ಕಿತು, ಪ್ರಶಸ್ತಿ ಬರಲಿಲ್ಲ. 2008ರ ನಾರ್ನಿಯಾ ಸಿನಿಮಾಕ್ಕೆ 'ದ ಕಾಲ್' ಬರೆದರು. 2016ರ 'ಕುಬೊ ಆ್ಯಂಡ್ ದ ಟೂ ಸ್ಟ್ರಿಂಗ್ಸ್' ಎಂಬ ಅನಿಮೇಷನ್ ಚಿತ್ರಕ್ಕೆ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಬರೆದ ಗಿಟಾರ್ ಹಾಡನ್ನು ಹಾಡಿದರು. ಅಪ್ಪನ ಕ್ಯಾಸೆಟ್ ನೆನಪಾಗುತ್ತದೆ, ಅಲ್ವಾ?

ಅವರ ತಂಡದ ಚೆಲ್ಲೊ (ದೊಡ್ಡ ಪಿಟೀಲಿನಂಥ ವಾದ್ಯ) ವಾದಕರಿಗೆ ಏನಾಯಿತು?

ಡ್ಯಾನಿಯಲ್ ಚೋ. 2010ರ ಜುಲೈನಲ್ಲಿ ಸ್ವಿಟ್ಜರ್ಲೆಂಡ್‌ನ ಜಿನೀವಾ ಸರೋವರದಲ್ಲಿ ಮುಳುಗಿ ತೀರಿಕೊಂಡರು. ತಂಡ ಮಾಂತ್ರೊ ಜಾಝ್ ಉತ್ಸವಕ್ಕೆಂದು ಅಲ್ಲಿಗೆ ಹೋಗಿತ್ತು. ಆ ವರ್ಷ ಬಂದ ಲಂಡನ್ ಕಾರ್ಯಕ್ರಮದ ಲೈವ್ ಆಲ್ಬಂನಲ್ಲಿ ಅವರ ಚೆಲ್ಲೊ ಕೇಳಬಹುದು.

ಸ್ವಂತ ಬದುಕು?

ಗಂಡ ಜ್ಯಾಕ್ ಡಿಶೆಲ್ ಕೂಡ ಹಾಡುಗಾರ. ಅವರೂ ಮಾಸ್ಕೋದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು. 2011ರಲ್ಲಿ ಮದುವೆಯಾಯಿತು. ಮಕ್ಕಳಿದ್ದಾರೆ. ಮನೆಯ ವಿಷಯವನ್ನು ಅವರು ಜಾಸ್ತಿ ಹೊರಗೆ ಹಾಕುವುದಿಲ್ಲ. 2022ರಲ್ಲಿ ಅಪ್ಪ ತೀರಿಕೊಂಡರು. ಅದೇ ವರ್ಷ ಜೂನ್‌ನಲ್ಲಿ ಬಂದ ಆಲ್ಬಂನ ಹೆಸರು 'ಹೋಮ್, ಬಿಫೋರ್ ಆ್ಯಂಡ್ ಆಫ್ಟರ್'. ಮನೆ, ಮುಂಚೆ ಮತ್ತು ಆಮೇಲೆ.

ಯಾವ ಹಾಡಿನಿಂದ ಶುರು ಮಾಡಲಿ?

ಇಂಗ್ಲಿಷ್ ಹಾಡು ಅಷ್ಟಾಗಿ ಕೇಳದವರಿಗೆ 'ಸ್ಯಾಮ್ಸನ್'. ನಿಧಾನದ ಹಾಡು, ಮಾತು ಸ್ಪಷ್ಟ. ಅದು 2002ರ 'ಸಾಂಗ್ಸ್'ನಲ್ಲೂ ಇದೆ, 2006ರ 'ಬಿಗಿನ್ ಟು ಹೋಪ್'ನಲ್ಲೂ ಇದೆ. ಎರಡನ್ನೂ ಒಂದಾದ ಮೇಲೊಂದು ಕೇಳಿ. ಆಮೇಲೆ 'ಫಿಡೆಲಿಟಿ', 'ಅಸ್', 'ಆಪ್ರೆ ಮುವಾ' ಈ ಕ್ರಮದಲ್ಲಿ ಹೋಗಿ. ಕವಿತೆ ಓದುವವರಾದರೆ ಸಾಹಿತ್ಯವನ್ನು ಎದುರಿಗೆ ಇಟ್ಟುಕೊಂಡು 'ಕೀಮೊ ಲಿಮೊ' ಕೇಳಿ. 'ಫಾರ್' ಆಲ್ಬಂ ಸ್ವಲ್ಪ ತಡವಾಗಿ ಕೇಳಿದರೂ ನಡೆಯುತ್ತದೆ. ಅದರಲ್ಲಿ ನಾಲ್ವರು ನಿರ್ಮಾಪಕರು ಕೈಯಾಡಿಸಿದ್ದಾರೆ, ಪಿಯಾನೊ ಅಲ್ಲಲ್ಲಿ ಹಿಂದೆ ಸರಿಯುತ್ತದೆ.

'ಪೂರ್ ಲಿಟಲ್ ರಿಚ್ ಬಾಯ್' ಮಾತ್ರ ಬರೀ ಕೇಳಬೇಡಿ. ವೇದಿಕೆಯ ಮೇಲೆ ಹಾಡಿದ ವಿಡಿಯೊ ಹುಡುಕಿ ನೋಡಿ. ಅರ್ಧ ಹಾಡು ಆದ ಮೇಲೆ ಕಣ್ಣು ಮುಚ್ಚಿಕೊಂಡು ಆ ಕುರ್ಚಿಯ ಸದ್ದಿಗಷ್ಟೇ ಕಿವಿ ಕೊಡಿ.